ಶಾಲಾ ದೈಹಿಕ ಶಿಕ್ಷಣದಲ್ಲಿ ವಿದ್ಯಾರ್ಥಿಗಳ ಅಭಿಪ್ರೇರಣೆ

ದೈಹಿಕ ಶಿಕ್ಷಣದ ಪಾಠದಲ್ಲಿ ವಿದ್ಯಾರ್ಥಿಯು ಒಂದು ಚಟುವಟಿಕೆಯನ್ನು ಕೈಗೆತ್ತಿಕೊಳ್ಳಲು, ಅದರಲ್ಲಿ ಶ್ರಮ ಹಾಕಲು, ಸೋತಾಗಲೂ ಬಿಡದೆ ಮುಂದುವರಿಯಲು, ಪಾಠ ಮುಗಿದ ಮೇಲೂ ಅದರತ್ತ ಮರಳಲು ಕಾರಣವಾಗುವ ಒಳಗಿನ ಮತ್ತು ಹೊರಗಿನ ಒತ್ತಾಸೆಗಳನ್ನು ಒಟ್ಟಾಗಿ ಅಭಿಪ್ರೇರಣೆ ಎಂದು ಕರೆಯುತ್ತಾರೆ. ಮೈದಾನದಲ್ಲಿ ಓಡಿಯಾಡುವ ಮಗು ಉತ್ಸಾಹಿ, ಬೇಲಿಯ ಬಳಿ ಮರದ ನೆರಳಿನಲ್ಲಿ ನಿಲ್ಲುವ ಮಗು ಸೋಮಾರಿ ಎಂದು ಎಣಿಸುವುದು ಸಾಮಾನ್ಯ ರೂಢಿಯಾದರೂ, ಕಳೆದ ಸುಮಾರು ಐದು ದಶಕಗಳ ಸಂಶೋಧನೆ ಈ ಎಣಿಕೆಯನ್ನು ಬಹುಮಟ್ಟಿಗೆ ತಿರುವುಮುರುವು ಮಾಡಿದೆ. ಅದರ ಪ್ರಕಾರ ಅಭಿಪ್ರೇರಣೆಯ ಒಂದು ಪಾಲನ್ನು ಮಗು ತನ್ನ ಮನೆ, ಊರು ಮತ್ತು ಸ್ವಭಾವಗಳಿಂದ ತರುತ್ತದೆ. ಇನ್ನೊಂದು ದೊಡ್ಡ ಪಾಲು ಆಟವನ್ನು ಹೇಗೆ ಏರ್ಪಡಿಸಲಾಗಿದೆ, ತಂಡಗಳನ್ನು ಯಾರು ಹೇಗೆ ಕಟ್ಟಿದರು, ಶಿಕ್ಷಕರು ಯಾವುದನ್ನು ಮೆಚ್ಚಿದರು, ತಪ್ಪಿದವರಿಗೆ ಏನಾಯಿತು ಎಂಬುದರಿಂದ ಮೈದಾನದಲ್ಲಿಯೇ ಹುಟ್ಟುತ್ತದೆ ಅಥವಾ ಬತ್ತುತ್ತದೆ. ಆದ್ದರಿಂದ ಅಭಿಪ್ರೇರಣೆಯ ಅಧ್ಯಯನವು ಮಗುವಿನ ಮನಸ್ಸಿನ ಅಧ್ಯಯನವಾಗಿರುವಷ್ಟೇ ಪಾಠದ ರಚನೆಯ ಅಧ್ಯಯನವೂ ಆಗಿದೆ.

ಮಹತ್ವ

ದೈಹಿಕ ಶಿಕ್ಷಣವು ಶಾಲೆಯ ಉಳಿದ ವಿಷಯಗಳಿಗಿಂತ ಒಂದು ಮುಖ್ಯ ಅಂಶದಲ್ಲಿ ಬೇರೆಯಾಗಿದೆ. ಗಣಿತದಲ್ಲಿ ಮಗು ಮಾಡಿದ ತಪ್ಪು ಅದರ ನೋಟ್‌ಪುಸ್ತಕದಲ್ಲಿ ಉಳಿದು ಶಿಕ್ಷಕರ ಕಣ್ಣಿಗೆ ಮಾತ್ರ ಬೀಳುತ್ತದೆ. ಆದರೆ ಕೈಜಾರಿದ ಚೆಂಡು, ದಾಟಲಾಗದ ಹಗ್ಗ, ಓಟದಲ್ಲಿ ಕೊನೆಯದಾಗಿ ತಲುಪಿದ ಹೆಜ್ಜೆ ಇಡೀ ತರಗತಿಗೆ ಆ ಕ್ಷಣದಲ್ಲೇ ಕಾಣುತ್ತವೆ. ದೇಹವೇ ಇಲ್ಲಿ ಕಲಿಕೆಯ ಸಾಧನವೂ ಪ್ರದರ್ಶನದ ವಸ್ತುವೂ ಆಗಿರುವುದರಿಂದ ನಾಚಿಕೆ, ಹೆಮ್ಮೆ, ಹೋಲಿಕೆಗಳು ಬೇಗ ಕೆರಳುತ್ತವೆ ಮತ್ತು ಅವು ಬಾಲ್ಯದಲ್ಲಿ ಒಮ್ಮೆ ನೆಲೆಯೂರಿದರೆ ಆಟ ಮತ್ತು ವ್ಯಾಯಾಮಗಳ ಬಗೆಗಿನ ಧೋರಣೆಯನ್ನು ಬಹುಕಾಲ ರೂಪಿಸುತ್ತವೆ.

ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದಲೂ ಈ ವಿಷಯ ಗಂಭೀರವಾದುದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2016ರಲ್ಲಿ ಶಾಲೆಗೆ ಹೋಗುವ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟವನ್ನು ಮುಟ್ಟಿರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ. 78, ಹುಡುಗಿಯರಲ್ಲಿ ಶೇ. 85 ಇತ್ತು. ವಾರಕ್ಕೆ ಕೆಲವೇ ಪೀರಿಯಡ್‌ಗಳಷ್ಟಿರುವ ದೈಹಿಕ ಶಿಕ್ಷಣವು ಈ ಕೊರತೆಯನ್ನು ತಾನೊಂದೇ ತುಂಬಲಾರದು. ಆದರೆ ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳನ್ನೂ ಮುಟ್ಟುವ ವ್ಯವಸ್ಥೆ ಶಾಲೆಯೊಂದೇ ಆಗಿರುವುದರಿಂದ, ತಾನಾಗಿ ಚಲಿಸಬೇಕೆಂಬ ಬಯಕೆಯನ್ನು ಬೆಳೆಸುವ ಹೊಣೆ ಮೊದಲಿಗೆ ಅದರ ಮೇಲೆ ಬೀಳುತ್ತದೆ.

ಐತಿಹಾಸಿಕ ಹಿನ್ನೆಲೆ

ಆಧುನಿಕ ಶಾಲಾ ದೈಹಿಕ ಶಿಕ್ಷಣದ ಬೇರುಗಳು ಹತ್ತೊಂಬತ್ತನೆಯ ಶತಮಾನದ ಯೂರೋಪಿನ ವ್ಯಾಯಾಮ ಪದ್ಧತಿಗಳಲ್ಲಿವೆ. ಫ್ರೀಡ್ರಿಖ್ ಲುಡ್ವಿಗ್ ಯಾನ್ 1811ರಲ್ಲಿ ಬರ್ಲಿನ್ನಿನ ಹೊರವಲಯದಲ್ಲಿ ತೆರೆದ ವ್ಯಾಯಾಮ ಮೈದಾನವೂ, ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯೂ ಇವುಗಳಲ್ಲಿ ಪ್ರಸಿದ್ಧವಾದವು. ಈ ಪದ್ಧತಿಗಳು ಶಾಲೆಗಳಿಗೆ ಹರಿದುಬಂದಾಗ, ಎಲ್ಲರೂ ಸಾಲಾಗಿ ನಿಂತು ಒಂದೇ ಆಜ್ಞೆಗೆ ಒಂದೇ ಚಲನೆಯನ್ನು ಮಾಡುವ ಕವಾಯತು ಪಾಠದ ಮುಖ್ಯ ರೂಪವಾಯಿತು. ಶಿಸ್ತು ಮತ್ತು ವಿಧೇಯತೆಗಳೇ ಗುರಿಯಾಗಿದ್ದ ಈ ಪಾಠದಲ್ಲಿ ವಿದ್ಯಾರ್ಥಿಗೆ ಇಷ್ಟವಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಹೆಚ್ಚಿನ ಸ್ಥಳವಿರಲಿಲ್ಲ.

ಭಾರತದಲ್ಲಿ ಗರಡಿಮನೆ, ಮಲ್ಲಕಂಬ, ಯೋಗಾಸನಗಳ ಬಲವಾದ ಪರಂಪರೆಯಿದ್ದರೂ ಶಾಲೆಯೊಳಗೆ ಮೊದಲು ಕಾಲಿಟ್ಟದ್ದು ಬ್ರಿಟಿಷ್ ಮಾದರಿಯ ಕವಾಯತೇ; ದೈಹಿಕ ಶಿಕ್ಷಕರನ್ನು ‘ಡ್ರಿಲ್ ಮಾಸ್ಟರು’ ಎಂದು ಕರೆಯುತ್ತಿದ್ದ ಕನ್ನಡದ ರೂಢಿ ಅದರ ಕುರುಹು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಆಟಗಳನ್ನೂ ಶಿಕ್ಷಕ ತರಬೇತಿಯನ್ನೂ ಒಟ್ಟುಗೂಡಿಸಿತು. ಇಪ್ಪತ್ತನೆಯ ಶತಮಾನದುದ್ದಕ್ಕೂ ಆಟೋಟಗಳು ಕವಾಯತಿನ ಸ್ಥಾನವನ್ನು ಕ್ರಮೇಣ ಆಕ್ರಮಿಸಿಕೊಂಡವು. ಆಟ ಎಂದ ಕೂಡಲೇ ಮಕ್ಕಳೆಲ್ಲರೂ ತಾವಾಗಿ ಉತ್ಸಾಹಗೊಳ್ಳುತ್ತಾರೆಂಬ ಭಾವನೆಯೂ ಅದರೊಂದಿಗೆ ಬೆಳೆಯಿತು. 1970ರ ದಶಕದಿಂದೀಚೆಗೆ ಮನಶ್ಶಾಸ್ತ್ರಜ್ಞರು ಪ್ರಶ್ನಿಸಿದ್ದು ಈ ಭಾವನೆಯನ್ನೇ.

ಸ್ವನಿರ್ಧಾರ ಸಿದ್ಧಾಂತ

ಈ ಕ್ಷೇತ್ರದ ಸಂಶೋಧನೆಯಲ್ಲಿ ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿ, 1985ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಮಂಡಿಸಿದ ಸ್ವನಿರ್ಧಾರ ಸಿದ್ಧಾಂತ. ಮನುಷ್ಯನಿಗೆ ಅನ್ನ ನೀರುಗಳಂತೆ ಮೂರು ಮಾನಸಿಕ ಅಗತ್ಯಗಳಿವೆ ಎಂಬುದು ಇದರ ತಳಹದಿ. ತಾನು ಮಾಡುತ್ತಿರುವುದು ತನ್ನ ಒಪ್ಪಿಗೆಯಿಂದ ಎಂಬ ಭಾವ ಸ್ವಾಯತ್ತತೆ. ತನ್ನ ಕೈಯಲ್ಲಿ ಆಗುತ್ತದೆ, ತಾನು ಬೆಳೆಯುತ್ತಿದ್ದೇನೆ ಎಂಬ ಅನುಭವ ಸಮರ್ಥತೆ. ತಾನು ಈ ಗುಂಪಿಗೆ ಬೇಕಾದವನು, ಬೇಕಾದವಳು ಎಂಬ ನಂಬಿಕೆ ಬಾಂಧವ್ಯ. ಈ ಮೂರೂ ಪೂರೈಸಿದಲ್ಲಿ ಅಭಿಪ್ರೇರಣೆ ಗಟ್ಟಿಯಾಗುತ್ತದೆ, ಇವುಗಳಿಗೆ ಅಡ್ಡಿಯಾದಲ್ಲಿ ಅದು ಕುಗ್ಗುತ್ತದೆ.

ಈ ಸಿದ್ಧಾಂತವು ಅಭಿಪ್ರೇರಣೆ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಬಗೆಯದು ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಒಂದೇ ತರಗತಿಯಲ್ಲಿ ಮೈದಾನವನ್ನು ನಾಲ್ಕು ಸುತ್ತು ಓಡುತ್ತಿರುವ ಮಕ್ಕಳನ್ನು ಗಮನಿಸಿದರೆ ಈ ಭೇದ ತಿಳಿಯುತ್ತದೆ. ಓಡದಿದ್ದರೆ ಶಿಕ್ಷೆ ಸಿಗುತ್ತದೆಂದು ಓಡುವ ಮಗುವಿನದು ಬಾಹ್ಯ ನಿಯಂತ್ರಣ. ಓಡದಿದ್ದರೆ ತನಗೇ ಅವಮಾನವೆನಿಸುತ್ತದೆಂದು ಓಡುವ ಮಗುವಿನಲ್ಲಿ ಆ ಒತ್ತಡ ಒಳಸೇರಿದೆ, ಆದರೆ ತನ್ನದಾಗಿಲ್ಲ. ಓಟದಿಂದ ಉಸಿರು ಗಟ್ಟಿಯಾಗಿ ಖೋ ಖೋ ಚೆನ್ನಾಗಿ ಆಡಬಹುದೆಂದು ಓಡುವ ಮಗು ಅದರ ಬೆಲೆಯನ್ನು ಅರಿತು ಒಪ್ಪಿಕೊಂಡಿದೆ. ಓಡುವುದೇ ಹಿತವೆನಿಸಿ ಓಡುವ ಮಗುವಿನದು ಆಂತರಿಕ ಅಭಿಪ್ರೇರಣೆ. ಇವರೆಲ್ಲರ ಹೊರಗೆ, ಓಡುವುದರಿಂದ ಆಗುವುದೇನೂ ಇಲ್ಲ, ಹೇಗಿದ್ದರೂ ತನ್ನಿಂದಾಗದು ಎಂದು ಕೈಚೆಲ್ಲಿದ ಮಗುವಿನ ಸ್ಥಿತಿಯನ್ನು ಪ್ರೇರಣಾಶೂನ್ಯತೆ ಎನ್ನುತ್ತಾರೆ. ನೋಡುವವರ ಕಣ್ಣಿಗೆ ಮೊದಲ ನಾಲ್ವರೂ ಒಂದೇ ರೀತಿ ಓಡುತ್ತಿರುತ್ತಾರೆ, ಆದರೆ ಶಿಕ್ಷಕರು ಬೆನ್ನು ತಿರುಗಿಸಿದಾಗ ಯಾರು ನಿಲ್ಲುತ್ತಾರೆ, ರಜೆಯಲ್ಲಿ ಯಾರು ಓಡುತ್ತಾರೆ ಎಂಬಲ್ಲಿ ವ್ಯತ್ಯಾಸ ಬಯಲಾಗುತ್ತದೆ.

ದೈಹಿಕ ಶಿಕ್ಷಣದಲ್ಲಿ ಈ ಸಿದ್ಧಾಂತವನ್ನು ಬಳಸಿದ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸ್ವಾಯತ್ತ ಬಗೆಯ ಅಭಿಪ್ರೇರಣೆಯು ಕಲಿಕೆ, ಸಂತೋಷ ಮತ್ತು ಭಾಗವಹಿಸುವಿಕೆಗಳೊಂದಿಗೆ ಜೊತೆಗೂಡಿ ಬರುತ್ತದೆಂದು ದೃಢಪಡಿಸಿತು. ಸ್ವಾಯತ್ತತೆ ಮತ್ತು ಸಮರ್ಥತೆಗಳ ಅನುಭವದಲ್ಲಿ ಶಿಕ್ಷಕರ ಪಾತ್ರ ಹಿರಿದೆಂದೂ ಬಾಂಧವ್ಯದ ಅನುಭವದಲ್ಲಿ ಸಹಪಾಠಿಗಳ ಪಾತ್ರ ಹಿರಿದೆಂದೂ ಅದು ತೋರಿಸಿತು. ಮಾರ್ಟಿನ್ ಹ್ಯಾಗರ್ ಮತ್ತು ಅವರ ಸಹೋದ್ಯೋಗಿಗಳು 2003ರಿಂದ ಬೆಳೆಸಿದ ಇನ್ನೊಂದು ಮಾದರಿಯು, ಪಾಠದಲ್ಲಿ ಸ್ವಾಯತ್ತತೆಗೆ ಸಿಕ್ಕ ಬೆಂಬಲವು ಬಿಡುವಿನ ವೇಳೆಯ ಚಟುವಟಿಕೆಯ ಅಭಿಪ್ರೇರಣೆಗೂ ಹರಿಯುತ್ತದೆಂದು ವಾದಿಸುತ್ತದೆ. ಸ್ವಾಯತ್ತತೆಯ ಬೆಂಬಲವೆಂದರೆ ಮಕ್ಕಳನ್ನು ಅವರ ಪಾಡಿಗೆ ಬಿಡುವುದೆಂದು ತಿಳಿಯಬಾರದು. ಚೆಂಡೊಂದನ್ನು ಮಕ್ಕಳ ಕಡೆಗೆ ಎಸೆದು ಶಿಕ್ಷಕರು ಕಚೇರಿಯ ಕೆಲಸಕ್ಕೆ ಹೋದಾಗ ಬಲಿಷ್ಠರ ಸ್ವಾತಂತ್ರ್ಯ ಮಾತ್ರ ಹೆಚ್ಚುತ್ತದೆ. ಸ್ಪಷ್ಟ ಚೌಕಟ್ಟಿನೊಳಗೆ ಆಯ್ಕೆ ಕೊಡುವುದು, ನಿಯಮದ ಕಾರಣವನ್ನು ತಿಳಿಸುವುದು, ಬೇಸರವನ್ನು ಹೇಳಿಕೊಂಡಾಗ ಗದರದೆ ಕೇಳಿಸಿಕೊಳ್ಳುವುದು ಇವೇ ಈ ಬೆಂಬಲದ ಲಕ್ಷಣಗಳು.

ಸಾಧನಾ ಗುರಿಗಳು ಮತ್ತು ಪಾಠದ ವಾತಾವರಣ

ಎರಡನೆಯ ಮುಖ್ಯ ಚಿಂತನೆಯು ‘ಗೆಲುವು’ ಎಂಬ ಮಾತಿಗೆ ಮಗು ಯಾವ ಅರ್ಥ ಕೊಡುತ್ತದೆ ಎಂಬುದನ್ನು ಹಿಡಿದು ಹೊರಡುತ್ತದೆ. ಜಾನ್ ನಿಕಲ್ಸ್ 1980ರ ದಶಕದಲ್ಲಿ ಮಂಡಿಸಿದ ಸಾಧನಾ ಗುರಿ ಸಿದ್ಧಾಂತದಂತೆ, ನಿನ್ನೆ ಮಾಡಲಾಗದ್ದನ್ನು ಇಂದು ಮಾಡುವುದೇ ಯಶಸ್ಸು ಎಂದು ಬಗೆಯುವ ವಿದ್ಯಾರ್ಥಿ ಕಾರ್ಯಮುಖಿ. ಇತರರಿಗಿಂತ ಮೇಲಾಗುವುದೇ ಯಶಸ್ಸು ಎಂದು ಬಗೆಯುವ ವಿದ್ಯಾರ್ಥಿ ಅಹಂಮುಖಿ. ಇವೆರಡೂ ಒಂದೇ ಮಗುವಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿರಬಹುದು. ಕೌಶಲವುಳ್ಳ ಮಗುವಿಗೆ ಅಹಂಮುಖಿ ಗುರಿಯಿಂದ ತತ್ಕಾಲಕ್ಕೆ ಹಾನಿ ಕಾಣದಿರಬಹುದು. ಆದರೆ ತಾನು ಹಿಂದುಳಿದಿದ್ದೇನೆಂದು ನಂಬಿದ ಮಗುವಿಗೆ ಅದು ಅಪಾಯಕಾರಿ. ಏಕೆಂದರೆ ಶ್ರಮಪಟ್ಟೂ ಸೋತರೆ ತನ್ನ ಅಸಮರ್ಥತೆ ಎಲ್ಲರೆದುರು ಸಾಬೀತಾಗುವುದರಿಂದ, ಶ್ರಮಪಡದಿರುವುದೇ ಅದಕ್ಕೆ ಮಾನ ಉಳಿಸಿಕೊಳ್ಳುವ ದಾರಿಯಾಗುತ್ತದೆ. ಸಮವಸ್ತ್ರ ಮರೆತು ಬರುವುದು, ಹೊಟ್ಟೆನೋವೆಂದು ಕುಳಿತುಕೊಳ್ಳುವುದು, ಬೇಕೆಂದೇ ತಮಾಷೆ ಮಾಡಿ ಆಟ ಕೆಡಿಸುವುದು ಮೊದಲಾದ ನಡವಳಿಕೆಗಳ ಹಿಂದೆ ಅನೇಕ ವೇಳೆ ಇರುವುದು ಈ ಲೆಕ್ಕಾಚಾರ.

ಕ್ಯಾರಲ್ ಏಮ್ಸ್ ಈ ವಿಚಾರವನ್ನು ತರಗತಿಯ ಮಟ್ಟಕ್ಕೆ ವಿಸ್ತರಿಸಿ, ಪಾಠದ ಏರ್ಪಾಡೇ ಮಕ್ಕಳನ್ನು ಒಂದು ಅಥವಾ ಇನ್ನೊಂದು ಗುರಿಯತ್ತ ತಳ್ಳುತ್ತದೆಂದು ತೋರಿಸಿದರು. ಜೋನ್ ಡೂಡಾ ಮೊದಲಾದವರು ಇದನ್ನು ಕ್ರೀಡೆ ಮತ್ತು ದೈಹಿಕ ಶಿಕ್ಷಣಕ್ಕೆ ಅನ್ವಯಿಸಿದರು. ಜಾಯ್ಸ್ ಎಪ್‌ಸ್ಟೈನ್ ಗುರುತಿಸಿದ ಆರು ಅಂಶಗಳ ಪಟ್ಟಿ ಇಲ್ಲಿ ಶಿಕ್ಷಕರಿಗೆ ಉಪಯುಕ್ತ ಕೈಪಿಡಿಯಾಗಿದೆ: ಕೊಟ್ಟ ಕೆಲಸದಲ್ಲಿ ವೈವಿಧ್ಯವಿದೆಯೇ, ನಿರ್ಧಾರಗಳಲ್ಲಿ ಮಕ್ಕಳಿಗೆ ಪಾಲಿದೆಯೇ, ಮೆಚ್ಚುಗೆ ಯಾವುದಕ್ಕೆ ಸಲ್ಲುತ್ತದೆ, ಗುಂಪುಗಳು ಹೇಗೆ ಆಗುತ್ತವೆ, ಮೌಲ್ಯಮಾಪನ ಬಹಿರಂಗವೇ ಖಾಸಗಿಯೇ, ಕಲಿಯಲು ಪ್ರತಿಯೊಬ್ಬರಿಗೂ ಸಾಕಷ್ಟು ಸಮಯವಿದೆಯೇ. ಈ ಆರರಲ್ಲಿ ಒಂದಕ್ಕೂ ಹೆಚ್ಚಿನ ಹಣವಾಗಲಿ ಉಪಕರಣವಾಗಲಿ ಬೇಕಾಗಿಲ್ಲವೆಂಬುದು ಗಮನಾರ್ಹ.

ಸಾಮರ್ಥ್ಯದ ನಂಬಿಕೆ, ಮೌಲ್ಯ ಮತ್ತು ಆಸಕ್ತಿ

ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯ ಸಿದ್ಧಾಂತವು, ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯೇ ಪ್ರಯತ್ನದ ಮೂಲವೆನ್ನುತ್ತದೆ. ಈ ನಂಬಿಕೆಗೆ ನಾಲ್ಕು ಸೆಲೆಗಳಿವೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ನಂಬಿಕೆಗೆ ಪಾತ್ರರಾದವರ ಮಾತು, ಮತ್ತು ಎದೆಬಡಿತ, ನಡುಕ ಮುಂತಾದ ದೇಹದ ಸೂಚನೆಗಳನ್ನು ಓದಿಕೊಳ್ಳುವ ಬಗೆ. ಇವುಗಳಲ್ಲಿ ಮೊದಲನೆಯದೇ ಬಲವಾದುದು. ಎತ್ತರ ಜಿಗಿತವನ್ನು ತರಗತಿಯ ಅತ್ಯುತ್ತಮ ಜಿಗಿತಗಾರನಿಂದಲೇ ಮಾಡಿ ತೋರಿಸುವ ರೂಢಿಯೂ ಈ ಸಿದ್ಧಾಂತದ ಬೆಳಕಿನಲ್ಲಿ ಮರುವಿಚಾರಕ್ಕೆ ಒಳಗಾಗುತ್ತದೆ. ಅಂಜುವ ಮಗುವಿಗೆ ಧೈರ್ಯ ಬರುವುದು ತನ್ನಷ್ಟೇ ಅಂಜಿ, ನಂತರ ಕಲಿತ ಗೆಳತಿಯನ್ನು ನೋಡಿದಾಗ.

ಜಾಕ್ವೆಲಿನ್ ಎಕಲ್ಸ್ ಮತ್ತು ಅವರ ಸಂಗಡಿಗರ ನಿರೀಕ್ಷೆ-ಮೌಲ್ಯ ಸಿದ್ಧಾಂತವು ‘ನನ್ನಿಂದಾಗುತ್ತದೆಯೇ’ ಎಂಬ ಪ್ರಶ್ನೆಗೆ ‘ನನಗೇಕೆ ಬೇಕು’ ಎಂಬ ಇನ್ನೊಂದು ಪ್ರಶ್ನೆಯನ್ನು ಸೇರಿಸುತ್ತದೆ. ಚಟುವಟಿಕೆಯ ಸ್ವಾರಸ್ಯ, ಅದರ ಉಪಯೋಗ, ತನ್ನತನಕ್ಕೆ ಅದು ಸಲ್ಲುವ ಪ್ರಮಾಣ ಇವು ಮೌಲ್ಯವನ್ನು ಏರಿಸುತ್ತವೆ. ಆಯಾಸ, ಬಿಸಿಲು, ಕೊಳೆಯಾಗುವ ಬಟ್ಟೆ, ಓದಿಗೆ ಕಡಿಮೆಯಾಗುವ ಸಮಯ ಮೊದಲಾದ ‘ತೆರಬೇಕಾದ ಬೆಲೆ’ಗಳು ಅದನ್ನು ಇಳಿಸುತ್ತವೆ. ಇನ್ನು ಆಸಕ್ತಿಯ ವಿಷಯದಲ್ಲಿ ಸಂಶೋಧಕರು ಎರಡು ಹಂತಗಳನ್ನು ಗುರುತಿಸುತ್ತಾರೆ. ಹೊಸತನ, ಸವಾಲು, ಆಕರ್ಷಣೆಗಳಿಂದ ಆ ಹೊತ್ತಿಗೆ ಚಿಮ್ಮುವುದು ಸಾಂದರ್ಭಿಕ ಆಸಕ್ತಿ. ಕೌಶಲ ಮತ್ತು ತಿಳಿವಳಿಕೆ ಬೆಳೆದಂತೆ ನೆಲೆಗೊಳ್ಳುವುದು ವೈಯಕ್ತಿಕ ಆಸಕ್ತಿ. ಪ್ರತಿ ವಾರವೂ ಹೊಸ ಆಟವನ್ನು ತಂದು ಯಾವುದರಲ್ಲೂ ಪರಿಣತಿ ಬೆಳೆಯಗೊಡದ ಪಾಠವು ಮೊದಲನೆಯದನ್ನು ಮಾತ್ರ ಕೆರಳಿಸಿ ಎರಡನೆಯದಕ್ಕೆ ನೆಲ ಸಿದ್ಧಪಡಿಸದೆ ಹೋಗುತ್ತದೆ.

ಅಭಿಪ್ರೇರಣೆ ಕುಗ್ಗುವ ಬಗೆ

ಒಳ್ಳೆಯ ಉದ್ದೇಶದಿಂದ ನಡೆಸಿದ ಪಾಠದಲ್ಲಿಯೂ ಅಭಿಪ್ರೇರಣೆ ಕುಗ್ಗಬಹುದು. ‘ಕೆರೆ-ದಡ’ ಆಟ ಇದಕ್ಕೆ ಪರಿಚಿತ ನಿದರ್ಶನ. ಗೆರೆಯ ಒಂದು ಬದಿ ಕೆರೆ, ಇನ್ನೊಂದು ಬದಿ ದಡ. ಶಿಕ್ಷಕರು ಕೂಗಿದತ್ತ ಜಿಗಿಯದೆ ತಪ್ಪಿದವರು ಹೊರಗೆ. ಆಟದ ಸ್ವಾರಸ್ಯ ನಿಜವಾದುದೇ, ಆದರೆ ಮೊದಲು ಹೊರಗೆ ಹೋಗುವುದು ಕಿವಿ-ಕಾಲುಗಳ ಹೊಂದಾಣಿಕೆಯ ಅಭ್ಯಾಸ ಹೆಚ್ಚು ಬೇಕಾದ ಮಗು. ಅದಕ್ಕೆ ಸಿಗುವ ಅಭ್ಯಾಸವೇ ಎಲ್ಲರಿಗಿಂತ ಕಡಿಮೆ. ಉಳಿದ ಹೊತ್ತೆಲ್ಲ ಅದು ನೋಡುತ್ತ ನಿಲ್ಲುತ್ತದೆ, ಇತರರು ಅದನ್ನು ನೋಡುತ್ತಾರೆ. ತಪ್ಪಿದವರು ಅಂಕ ಕಳೆದುಕೊಂಡು ಆಟದಲ್ಲೇ ಉಳಿಯುವಂತೆ, ಅಥವಾ ಪಕ್ಕದ ಗೆರೆಯ ಎರಡನೆಯ ಆಟಕ್ಕೆ ಸೇರಿಕೊಳ್ಳುವಂತೆ ನಿಯಮವನ್ನು ತುಸು ಬದಲಿಸಿದರೆ ಈ ಕೊರತೆ ನೀಗುತ್ತದೆ. ಅಮೆರಿಕದಲ್ಲಿ ನೀಲ್ ವಿಲಿಯಮ್ಸ್ 1992ರಲ್ಲಿ ಇಂಥ ಹೊರಗಟ್ಟುವ ಆಟಗಳನ್ನು ಪಟ್ಟಿಮಾಡಿ ಶಾಲೆಗಳಿಂದ ಕೈಬಿಡಬೇಕೆಂದು ವಾದಿಸಿದ ಲೇಖನ ವ್ಯಾಪಕ ಚರ್ಚೆಗೆ ಕಾರಣವಾಯಿತು.

ಇಬ್ಬರು ನಾಯಕರು ಎಲ್ಲರೆದುರು ಒಬ್ಬೊಬ್ಬರನ್ನೇ ಆರಿಸಿ ತಂಡ ಕಟ್ಟುವುದು, ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಓಟ ಅಥವಾ ಬಸ್ಕಿ ವಿಧಿಸುವುದು, ಉದ್ದ ಸಾಲಿನಲ್ಲಿ ನಿಂತು ಒಂದೇ ಚೆಂಡಿಗೆ ಕಾಯುವಂತೆ ಮಾಡುವುದು, ತೂಕ ಮತ್ತು ಓಟದ ಸಮಯವನ್ನು ಗಟ್ಟಿಯಾಗಿ ಓದಿ ಹೇಳುವುದು ಇದೇ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಶಿಕ್ಷೆಯ ಓಟದ ಪರಿಣಾಮ ವಿಶೇಷವಾಗಿ ವಿಷಾದಕರ, ಏಕೆಂದರೆ ಜೀವನವಿಡೀ ಮಗು ಪ್ರೀತಿಸಬೇಕೆಂದು ಬಯಸುವ ಚಟುವಟಿಕೆಯನ್ನೇ ಅದು ನೋವಿನ ಹೆಸರಾಗಿ ಮಾಡುತ್ತದೆ. ಇಂಥ ಅನುಭವಗಳು ಮರುಕಳಿಸಿದಾಗ ಮಗು ಕಲಿತ ಅಸಹಾಯಕತೆಗೆ ಜಾರಬಹುದು; ಅಂದರೆ ತಾನು ಏನು ಮಾಡಿದರೂ ಫಲ ಬದಲಾಗದೆಂದು ಅನುಭವದಿಂದ ತಿಳಿದು, ಬದಲಾಗಬಹುದಾದಲ್ಲಿಯೂ ಪ್ರಯತ್ನ ಬಿಡುವ ಸ್ಥಿತಿಗೆ ತಲುಪಬಹುದು.

ಬಹುಮಾನದ ಪ್ರಶ್ನೆ

ಬಹುಮಾನವು ಉತ್ಸಾಹವನ್ನು ಹೆಚ್ಚಿಸುತ್ತದೆಂಬುದು ಎಲ್ಲೆಡೆಯ ನಂಬಿಕೆ. ಆದರೆ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟಿನ ಘನಾಕೃತಿಗಳನ್ನು ಜೋಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದರತ್ತ ಮೊದಲಿಗಿಂತ ಕಡಿಮೆ ಒಲವು ತೋರಿದರು. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬಿಡಿಸಿದ್ದು ಕಡಿಮೆ. ಹೇಳದೆ ಪ್ರಶಸ್ತಿ ಪಡೆದ ಮಕ್ಕಳಲ್ಲಿ ಇಂಥ ಇಳಿಕೆ ಕಾಣಲಿಲ್ಲ. ಈ ತೀರ್ಮಾನ ವಿವಾದವಿಲ್ಲದೆ ನಿಂತಿಲ್ಲ. ಜೂಡಿ ಕ್ಯಾಮರಾನ್ ಮತ್ತು ಡಬ್ಲ್ಯು. ಡೇವಿಡ್ ಪಿಯರ್ಸ್ 1994ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಬಹುಮಾನದ ಹಾನಿ ಅತ್ಯಲ್ಪವೆಂದು ವಾದಿಸಿದರೆ, ಡೆಸಿ, ರಿಚರ್ಡ್ ಕೋಸ್ಟ್ನರ್ ಮತ್ತು ರಯಾನ್ 1999ರಲ್ಲಿ 128 ಪ್ರಯೋಗಗಳ ವಿಶ್ಲೇಷಣೆಯಿಂದ, ನಿರೀಕ್ಷಿಸಿ ಪಡೆಯುವ ವಸ್ತುರೂಪದ ಬಹುಮಾನಗಳು ಆಂತರಿಕ ಅಭಿಪ್ರೇರಣೆಯನ್ನು ಕುಗ್ಗಿಸುತ್ತವೆಂದೂ, ಮಾಹಿತಿ ನೀಡುವ ಮೆಚ್ಚುಗೆಯ ಮಾತು ಅದನ್ನು ಹೆಚ್ಚಿಸುತ್ತದೆಂದೂ ಉತ್ತರಿಸಿದರು.

ದೈಹಿಕ ಕ್ಷಮತೆಯ ಪರೀಕ್ಷೆಗಳ ಇತಿಹಾಸದಲ್ಲಿ ಈ ವಾದದ ಪ್ರತಿಬಿಂಬವಿದೆ. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ಅಧ್ಯಕ್ಷೀಯ ದೈಹಿಕ ಕ್ಷಮತಾ ಪ್ರಶಸ್ತಿಯು, ದೇಶದ ಸಮವಯಸ್ಕರಲ್ಲಿ ಶೇ. 85ರಷ್ಟು ಮಂದಿಯನ್ನು ಮೀರಿಸಿದ ಮಟ್ಟವನ್ನು ಪ್ರತಿಯೊಂದು ಪರೀಕ್ಷೆಯಲ್ಲೂ ಮುಟ್ಟಿದವರಿಗೆ ಮಾತ್ರ ಮೀಸಲಾಗಿತ್ತು. ಅಂದರೆ ಅದರ ರಚನೆಯಲ್ಲೇ ಬಹುಪಾಲು ಮಕ್ಕಳು ಸೋಲಬೇಕಿತ್ತು. ಆರೋಗ್ಯಕ್ಕೆ ಬೇಕಾದ ಕನಿಷ್ಠ ಮಟ್ಟವನ್ನೇ ಅಳತೆಗೋಲಾಗಿಸಿ ಎಲ್ಲರೂ ಗೆಲ್ಲಬಹುದಾದ ವ್ಯವಸ್ಥೆಗಳು ಅನಂತರ ಬಂದವು. ಒಂದೇ ಓಟ, ಒಂದೇ ಗಡಿಯಾರ. ಆದರೆ ಪಕ್ಕದವರೊಂದಿಗಿನ ಹೋಲಿಕೆಗೂ ತನ್ನದೇ ಹಿಂದಿನ ಅಳತೆಯೊಂದಿಗಿನ ಹೋಲಿಕೆಗೂ ಮಗುವಿನ ಮನಸ್ಸಿನಲ್ಲಿ ಅಜಗಜಾಂತರವಿದೆ.

ಬೋಧನಾ ಮಾದರಿಗಳು

ಅಭಿಪ್ರೇರಣೆಯನ್ನು ಪಾಠದ ರಚನೆಯೊಳಗೇ ನೇಯಲು ಹಲವು ಮಾದರಿಗಳು ರೂಪುಗೊಂಡಿವೆ. ಮಸ್ಕಾ ಮಾಸ್ಟನ್ 1966ರಲ್ಲಿ ಮಂಡಿಸಿದ ಬೋಧನಾ ಶೈಲಿಗಳ ಶ್ರೇಣಿಯು, ಎಲ್ಲ ನಿರ್ಧಾರಗಳೂ ಶಿಕ್ಷಕರದೇ ಆಗಿರುವ ಆಜ್ಞಾಶೈಲಿಯಿಂದ ಹಿಡಿದು ಕಲಿಯುವವರೇ ನಿರ್ಧರಿಸುವ ಶೈಲಿಗಳವರೆಗೆ ಹರಡಿದೆ. ಇದರಲ್ಲಿನ ಒಳಗೊಳ್ಳುವ ಶೈಲಿಯನ್ನು ವಿವರಿಸಲು ಬಳಸುವ ಓರೆ ಹಗ್ಗದ ನಿದರ್ಶನ ಈ ಕ್ಷೇತ್ರದಲ್ಲೇ ಅತ್ಯಂತ ಅರ್ಥಪೂರ್ಣವಾದುದು. ಹಗ್ಗವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಎಲ್ಲರೂ ಜಿಗಿದ ಮೇಲೆ ಏರಿಸುತ್ತ ಹೋದರೆ, ಪ್ರತಿ ಏರಿಕೆಗೂ ಕೆಲವರು ಹೊರಬೀಳುತ್ತಾರೆ. ಅದೇ ಹಗ್ಗದ ಒಂದು ತುದಿಯನ್ನು ನೆಲಕ್ಕೆ ತಾಗಿಸಿ ಇನ್ನೊಂದನ್ನು ಎತ್ತಿ ಹಿಡಿದರೆ, ಪ್ರತಿ ಮಗುವೂ ತನಗೆ ತಕ್ಕ ಎತ್ತರವನ್ನು ತಾನೇ ಆರಿಸಿಕೊಂಡು ಜಿಗಿಯುತ್ತದೆ, ಗೆಲ್ಲುತ್ತದೆ, ಮತ್ತೆ ತುಸು ಎತ್ತರದ ಕಡೆಗೆ ಸರಿಯುತ್ತದೆ. ಹಗ್ಗವೂ ಮಕ್ಕಳೂ ಬದಲಾಗಿಲ್ಲ, ಬದಲಾದದ್ದು ಹಗ್ಗ ಹಿಡಿದ ರೀತಿ ಮಾತ್ರ.

ಇಂಗ್ಲೆಂಡಿನ ಲಫ್‌ಬರೋದಲ್ಲಿ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ 1982ರಲ್ಲಿ ಮಂಡಿಸಿದ ಅರಿವಿನ ಮೂಲಕ ಆಟದ ಬೋಧನೆಯು, ಕೌಶಲಗಳನ್ನು ಬಿಡಿಬಿಡಿಯಾಗಿ ಕಲಿಸಿ ಆಟವನ್ನು ಕೊನೆಗಿಡುವ ಕ್ರಮವನ್ನು ತಿರುಗಿಸಿತು. ಸರಳಗೊಳಿಸಿದ ಆಟವನ್ನು ಮೊದಲು ಆಡಿಸಿ, ಎಲ್ಲಿ ನಿಲ್ಲಬೇಕು, ಯಾವಾಗ ಚೆಂಡನ್ನು ದಾಟಿಸಬೇಕು ಎಂಬ ಪ್ರಶ್ನೆಗಳನ್ನು ಎತ್ತಿ, ಕೌಶಲದ ಅಗತ್ಯ ಮಕ್ಕಳಿಗೇ ಹೊಳೆದಾಗ ಅದನ್ನು ಕಲಿಸುವುದು ಇದರ ಬಗೆ. ಅಮೆರಿಕದ ಡೆರಿಲ್ ಸೀಡೆನ್‌ಟಾಪ್ ರೂಪಿಸಿದ ಕ್ರೀಡಾ ಶಿಕ್ಷಣ ಮಾದರಿಯಲ್ಲಿ ಒಂದೇ ಕ್ರೀಡೆ ಹಲವು ವಾರಗಳ ಋತುವಾಗಿ ನಡೆಯುತ್ತದೆ. ಸ್ಥಿರ ತಂಡಗಳಲ್ಲಿ ಮಕ್ಕಳು ಆಟಗಾರರಾಗಿ ಮಾತ್ರವಲ್ಲದೆ ತೀರ್ಪುಗಾರ, ತರಬೇತುದಾರ, ಅಂಕ ಬರೆಯುವವ, ವರದಿಗಾರ ಇತ್ಯಾದಿ ಹೊಣೆಗಳನ್ನು ಹೊರುತ್ತಾರೆ ಮತ್ತು ಋತು ಹಬ್ಬದಂತೆ ಮುಕ್ತಾಯವಾಗುತ್ತದೆ. ಓಡಲು ಹಿಂಜರಿಯುವ ಮಗುವಿಗೂ ತಂಡದಲ್ಲಿ ಗೌರವದ ಸ್ಥಾನವಿರುವುದು ಇದರ ಬಲ. ಡಾನ್ ಹೆಲಿಸನ್ ಕಷ್ಟದ ಬದುಕಿನ ಬಾಲಕರೊಂದಿಗೆ ದುಡಿದು ಬೆಳೆಸಿದ ಹೊಣೆಗಾರಿಕೆಯ ಮಾದರಿಯು, ಇತರರನ್ನು ಗೌರವಿಸುವುದರಿಂದ ಆರಂಭಿಸಿ ಶ್ರಮ, ಸ್ವಯಂ ನಿರ್ದೇಶನ, ಪರರ ಕಾಳಜಿಗಳ ಮೂಲಕ ಮೈದಾನದ ಹೊರಗಿನ ಬದುಕಿನವರೆಗೆ ಐದು ಹಂತಗಳಲ್ಲಿ ಸಾಗುತ್ತದೆ.

ದೇಸಿ ಆಟಗಳ ರಚನೆ

ಕನ್ನಡ ನಾಡಿನ ಮಕ್ಕಳ ಆಟಗಳನ್ನು ಈ ಸಿದ್ಧಾಂತಗಳ ಬೆಳಕಿನಲ್ಲಿ ನೋಡಿದರೆ, ಅವುಗಳಲ್ಲಿ ಕೆಲವು ಅಭಿಪ್ರೇರಣೆಯ ಸೂಕ್ಷ್ಮಗಳನ್ನು ತಮ್ಮ ನಿಯಮಗಳಲ್ಲಿಯೇ ಅಡಗಿಸಿಕೊಂಡಿರುವುದು ಕಾಣುತ್ತದೆ. ಕಬಡ್ಡಿಯಲ್ಲಿ ಔಟಾದ ಆಟಗಾರ ತನ್ನ ತಂಡ ಎದುರಾಳಿಯೊಬ್ಬನನ್ನು ಔಟು ಮಾಡಿದೊಡನೆ ಮರಳಿ ಅಂಕಣಕ್ಕೆ ಬರುತ್ತಾನೆ. ಹೊರಗೆ ಕುಳಿತವನ ಮನಸ್ಸು ಆಟದೊಳಗೇ ಇರುತ್ತದೆ. ಖೋ ಖೋದಲ್ಲಿ ಸಾಲಿನಲ್ಲಿ ಕುಳಿತ ಎಂಟು ಮಂದಿಯಲ್ಲಿ ಯಾರಿಗೆ ಯಾವ ಕ್ಷಣದಲ್ಲಿ ‘ಖೋ’ ಸಿಗುತ್ತದೋ ತಿಳಿಯದ ಕಾರಣ ಎಲ್ಲರೂ ಎಚ್ಚರವಾಗಿರಬೇಕಾಗುತ್ತದೆ. ಕುಂಟೆಬಿಲ್ಲೆಯಲ್ಲಿ ತಪ್ಪಿದ ಮಗು ತನ್ನ ಸರದಿ ಮತ್ತೆ ಬಂದಾಗ ತಾನು ನಿಲ್ಲಿಸಿದ ಮನೆಯಿಂದಲೇ ಮುಂದುವರಿಯುತ್ತದೆ, ಗಳಿಸಿದ್ದು ಕಳೆದುಹೋಗುವುದಿಲ್ಲ. ತಂಡ ಕಟ್ಟುವಲ್ಲಿಯೂ, ಸರಿಸಮ ಬಲದ ಇಬ್ಬರು ಜೋಡಿಯಾಗಿ ದೂರ ಹೋಗಿ ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು ಬಂದು, ಯಾವ ಹೆಸರು ಬೇಕೆಂದು ನಾಯಕರನ್ನು ಕೇಳುವ ಹಳ್ಳಿಯ ರೂಢಿಯಿದೆ. ನಾಯಕ ಆರಿಸುವುದು ಹೆಸರನ್ನು, ವ್ಯಕ್ತಿಯನ್ನಲ್ಲ. ಹೀಗಾಗಿ ತಂಡಗಳೂ ಸಮವಾಗುತ್ತವೆ, ಕೊನೆಗೆ ಉಳಿದವರೆಂಬ ಅವಮಾನವೂ ಯಾರಿಗೂ ಆಗುವುದಿಲ್ಲ. ಮಕ್ಕಳೇ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಈ ಉಪಾಯಗಳು ಶಿಕ್ಷಕ ತರಬೇತಿಯ ಪಠ್ಯದಲ್ಲಿ ಸ್ಥಾನ ಪಡೆಯಲು ಯೋಗ್ಯವಾಗಿವೆ.

ವಯಸ್ಸು, ಲಿಂಗ ಮತ್ತು ಅಂಗವೈಕಲ್ಯ

ಚಿಕ್ಕ ಮಕ್ಕಳು ಶ್ರಮ ಮತ್ತು ಸಾಮರ್ಥ್ಯಗಳನ್ನು ಒಂದೇ ಎಂದು ಭಾವಿಸುತ್ತಾರೆ. ಹೆಚ್ಚು ಪ್ರಯತ್ನಿಸಿದವನೇ ಹೆಚ್ಚು ಬಲ್ಲವನು ಎಂಬುದು ಅವರ ಎಣಿಕೆ. ನಿಕಲ್ಸ್ ಅವರ ಅಧ್ಯಯನಗಳಂತೆ, ಸುಮಾರು 11-12ರ ವಯಸ್ಸಿಗೆ ಇವೆರಡೂ ಬೇರೆಯೆಂಬ ಅರಿವು ಪೂರ್ಣವಾಗುತ್ತದೆ ಮತ್ತು ಅದರೊಂದಿಗೆ ಹೋಲಿಕೆಯ ನೋವೂ ಹರಿತವಾಗುತ್ತದೆ. ಹಿರಿಯ ಪ್ರಾಥಮಿಕ ಹಂತದಲ್ಲಿ ಅನೇಕ ಮಕ್ಕಳು ಆಟದಿಂದ ಹಿಂದೆ ಸರಿಯಲು ಇದೂ ಒಂದು ಕಾರಣ.

ಹದಿಹರೆಯದ ಹುಡುಗಿಯರ ಭಾಗವಹಿಸುವಿಕೆ ಹುಡುಗರಿಗಿಂತ ಕಡಿಮೆಯಾಗುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಇದನ್ನು ಆಸಕ್ತಿಯ ಕೊರತೆಯೆಂದು ಮುಗಿಸಿಬಿಡುವುದು ಅನ್ಯಾಯ. ಓಟಕ್ಕೆ ಒಗ್ಗದ ಸಮವಸ್ತ್ರ, ಬಟ್ಟೆ ಬದಲಿಸಲು ಮರೆಯಿಲ್ಲದಿರುವುದು, ಮುಟ್ಟಿನ ದಿನಗಳಲ್ಲಿ ಶೌಚಾಲಯ ಮತ್ತು ನೀರಿನ ಅಭಾವ, ಬೇಲಿಯಾಚೆಯಿಂದ ನೋಡುವವರ ಕಣ್ಣು, ದೊಡ್ಡ ಹುಡುಗಿಗೆ ಆಟವೇಕೆ ಎಂಬ ಮನೆಯ ಮಾತು, ಮೈದಾನದ ನಡುಭಾಗವನ್ನೆಲ್ಲ ಹುಡುಗರ ಕ್ರಿಕೆಟ್ಟಿಗೆ ಬಿಟ್ಟುಕೊಟ್ಟು ಹುಡುಗಿಯರಿಗೆ ಅಂಚನ್ನು ಉಳಿಸುವ ರೂಢಿ ಇವೆಲ್ಲವೂ ಸೇರಿ ಆ ಹಿಂಜರಿಕೆಯನ್ನು ಕಟ್ಟುತ್ತವೆ. ಅಂಗವೈಕಲ್ಯವುಳ್ಳ ಮಕ್ಕಳನ್ನು ಅಂಕ ಬರೆಯಲು ಕೂರಿಸುವುದೇ ಒಳಗೊಳ್ಳುವಿಕೆಯಲ್ಲ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ಶಾಲಾ ವ್ಯವಸ್ಥೆಯೂ ಸೇರಿದಂತೆ ಆಟ ಮತ್ತು ಕ್ರೀಡೆಯಲ್ಲಿ ಅವರಿಗೆ ಇತರ ಮಕ್ಕಳಷ್ಟೇ ಅವಕಾಶವಿರಬೇಕೆಂದು ಹೇಳುತ್ತದೆ. ಸದ್ದು ಮಾಡುವ ಚೆಂಡು, ಹತ್ತಿರಕ್ಕೆ ತಂದ ಗುರಿ, ಜೊತೆ ಓಟಗಾರ ಮುಂತಾದ ಸರಳ ಮಾರ್ಪಾಡುಗಳು ಈ ಮಾತನ್ನು ಮೈದಾನಕ್ಕೆ ತರುತ್ತವೆ.

ಭಾರತ ಮತ್ತು ಕರ್ನಾಟಕದ ಸ್ಥಿತಿ

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನ ಮತ್ತು ಆಟದ ಸಾಮಗ್ರಿಗಳನ್ನು ಅಗತ್ಯವೆಂದು ಗುರುತಿಸಿ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಹಂತದಲ್ಲಿ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಹೇಳಿತು. 2018ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 9ರಿಂದ 12ನೆಯ ತರಗತಿಗಳಿಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕ್ರೀಡೆಯನ್ನು ಕಲಿಕೆಯೊಂದಿಗೆ ಬೆಸೆಯಬೇಕೆಂದಿತು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದೈಹಿಕ ಶಿಕ್ಷಣ ಮತ್ತು ಯೋಗಕ್ಷೇಮವನ್ನು ಪಠ್ಯಕ್ರಮದ ಒಂದು ಕ್ಷೇತ್ರವಾಗಿ ಪರಿಗಣಿಸಿತು.

ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ವಾರವಿಡೀ ಕಾಯುವ ಪೀರಿಯಡ್ ಆಟದ್ದೇ ಆಗಿರುವುದು ದೊಡ್ಡ ಬಂಡವಾಳ. ಆದರೆ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಹತ್ತಿರವಾದಂತೆ ಆ ಪೀರಿಯಡ್ ಗಣಿತ, ವಿಜ್ಞಾನಗಳ ಪಾಲಾಗುವ ರೂಢಿಯು, ದೇಹದ ಕಲಿಕೆಗೆ ಬೆಲೆಯಿಲ್ಲವೆಂಬ ಪಾಠವನ್ನು ಮಾತಿಲ್ಲದೆ ಕಲಿಸುತ್ತದೆ. ಹೋಬಳಿ, ತಾಲ್ಲೂಕು, ಜಿಲ್ಲೆಗಳಿಂದ ರಾಜ್ಯಮಟ್ಟದವರೆಗೆ ಏರುವ ಶಾಲಾ ಕ್ರೀಡಾಕೂಟಗಳು ಅನೇಕ ಗ್ರಾಮೀಣ ಪ್ರತಿಭೆಗಳಿಗೆ ಬಾಗಿಲು ತೆರೆದಿವೆ. ಆದರೆ ಶಾಲೆಯ ಇಡೀ ದೈಹಿಕ ಶಿಕ್ಷಣವು ಆ ಕೂಟಕ್ಕೆ ಹನ್ನೆರಡು ಮಂದಿಯನ್ನು ಸಿದ್ಧಪಡಿಸುವ ಕೆಲಸವಾದಾಗ, ಉಳಿದ ನೂರಾರು ಮಕ್ಕಳು ಚಪ್ಪಾಳೆ ತಟ್ಟುವವರಾಗಿ ಬಿಡುತ್ತಾರೆ. ಸಾಮೂಹಿಕ ಕವಾಯತು, ಲೇಜಿಮು, ಡಂಬೆಲ್ಸ್‌ಗಳಂಥ ಚಟುವಟಿಕೆಗಳು ಎಲ್ಲರನ್ನೂ ಒಳಗೊಂಡರೂ, ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯೋತ್ಸವಗಳ ಪ್ರದರ್ಶನಕ್ಕೆ ಸೀಮಿತವಾಗದೆ ಲಯ ಮತ್ತು ಸೃಜನಶೀಲತೆಯ ಕಲಿಕೆಯಾಗಿ ಬೆಳೆದಾಗ ಹೆಚ್ಚು ಫಲಕಾರಿ. ಇಕ್ಕಟ್ಟಿನ ಅಂಗಳ, ಒಬ್ಬರೇ ಶಿಕ್ಷಕರು, ಕೈಬೆರಳೆಣಿಕೆಯ ಚೆಂಡುಗಳು ಇರುವಲ್ಲಿಯೂ ಸಣ್ಣ ತಂಡಗಳ ಆಟ, ಸರದಿಯ ಕೇಂದ್ರಗಳು, ಜೋಡಿಯಾಗಿ ಒಬ್ಬರಿಗೊಬ್ಬರು ಕಲಿಸುವ ಕ್ರಮಗಳಿಂದ ಕಾಯುವ ಹೊತ್ತನ್ನು ಆಡುವ ಹೊತ್ತಾಗಿ ಮಾಡಬಹುದು.

ಅಳತೆ ಮತ್ತು ಮಿತಿಗಳು

ಅಭಿಪ್ರೇರಣೆಯನ್ನು ಬಹುಮಟ್ಟಿಗೆ ಪ್ರಶ್ನಾವಳಿಗಳಿಂದ ಅಳೆಯುತ್ತಾರೆ. ಡೂಡಾ ಮತ್ತು ನಿಕಲ್ಸ್ ರೂಪಿಸಿದ ಕಾರ್ಯಮುಖಿ-ಅಹಂಮುಖಿ ಪ್ರಶ್ನಾವಳಿ ಇವುಗಳಲ್ಲಿ ಪ್ರಮುಖವಾದುದು. ಮಕ್ಕಳು ಶಿಕ್ಷಕರಿಗೆ ಇಷ್ಟವಾಗುವ ಉತ್ತರ ಕೊಡುವ ಸಂಭವ, ಒಂದೇ ಬಾರಿ ಸಂಗ್ರಹಿಸಿದ ಮಾಹಿತಿಯಿಂದ ಕಾರಣ ಯಾವುದು ಪರಿಣಾಮ ಯಾವುದು ಎಂದು ಬೇರ್ಪಡಿಸಲಾಗದ ಕಷ್ಟ ಈ ವಿಧಾನದ ಮಿತಿಗಳು. ಸಿದ್ಧಾಂತಗಳಲ್ಲಿ ಹೆಚ್ಚಿನವು ಯೂರೋಪು ಮತ್ತು ಅಮೆರಿಕಗಳಲ್ಲಿ ಹುಟ್ಟಿರುವುದರಿಂದ, ವ್ಯಕ್ತಿಯ ಆಯ್ಕೆಗಿಂತ ಕುಟುಂಬ ಮತ್ತು ಗುಂಪಿನ ಒಪ್ಪಿಗೆಗೆ ತೂಕ ಹೆಚ್ಚಿರುವ ಸಮಾಜಗಳಲ್ಲಿ ಸ್ವಾಯತ್ತತೆಯ ಅರ್ಥವೇನೆಂಬ ಚರ್ಚೆಯೂ ಮುಂದುವರಿದಿದೆ. ಸ್ವಾಯತ್ತತೆಯೆಂದರೆ ಒಂಟಿಯಾಗಿರುವುದಲ್ಲ, ಮನಸಾರೆ ಒಪ್ಪಿ ಮಾಡುವುದು ಎಂದು ಡೆಸಿ ಮತ್ತು ರಯಾನ್ ಇದಕ್ಕೆ ಸಮಾಧಾನ ಹೇಳುತ್ತಾರೆ. ಜೊತೆಗೆ, ಬೆಳಗಿನ ತಿಂಡಿಯಿಲ್ಲದೆ ಬಂದ ಮಗುವಿನ, ಬರಿಗಾಲಲ್ಲಿ ಕಾದ ನೆಲದ ಮೇಲೆ ಓಡಬೇಕಾದ ಮಗುವಿನ ಹಿಂಜರಿಕೆಗೆ ಮನಶ್ಶಾಸ್ತ್ರವೊಂದೇ ಉತ್ತರವಾಗಲಾರದು.

ಈ ಮಿತಿಗಳ ನಡುವೆಯೂ ಬೇರೆ ಬೇರೆ ಸಿದ್ಧಾಂತಗಳು ಬೇರೆ ಬೇರೆ ದಾರಿಯಲ್ಲಿ ಬಂದು ಸೇರುವ ತಾಣ ಒಂದೇ ಆಗಿದೆ: ಮಗುವಿಗೆ ಆಯ್ಕೆಯಿರಬೇಕು, ಅದರ ಶ್ರಮ ಅದಕ್ಕೇ ಕಾಣುವಂಥ ಬೆಳವಣಿಗೆಯಾಗಿ ಮರಳಬೇಕು, ತಪ್ಪಿದ ಮೇಲೂ ಅದಕ್ಕೆ ಆಟದಲ್ಲಿ ಜಾಗವಿರಬೇಕು. ದೈಹಿಕ ಶಿಕ್ಷಣದ ಯಶಸ್ಸನ್ನು ಕಪಾಟಿನಲ್ಲಿರುವ ಪದಕಗಳಿಂದ ಅಳೆಯುವುದು ಸುಲಭ. ಸಂಜೆಯ ಗಂಟೆ ಬಾರಿಸಿದ ಮೇಲೆ ಚೀಲವನ್ನು ಬೇಲಿಗೆ ಒರಗಿಸಿ, ಯಾರೂ ಹೇಳದೆ ಮೈದಾನಕ್ಕೆ ಮರಳುವ ಮಕ್ಕಳಲ್ಲಿ ಓಟದಲ್ಲಿ ಕೊನೆಯದಾಗಿ ಬಂದ ಮಗುವೂ ಇದೆಯೇ ಎಂದು ನೋಡುವುದು ಅದಕ್ಕಿಂತ ನಿಜವಾದ ಅಳತೆ.